ಕಸಾಸುರನಿಗೆ ವರವಿತ್ತವರಾರು? ಮುಂಬಯಿಯ ಶಾಲಾರಂಗಭೂಮಿಯಲ್ಲಿ ಮರುಬಳಕೆಯ ವಸ್ತು

ಮಕ್ಕಳಿಗೆ ನೀತಿಯನ್ನು ಕಥೆಯ ಮೂಲಕ ತಿಳಿಸುವ ಪದ್ಧತಿ ಹೊಸದಲ್ಲ. ದುರ್ಗಸಿಂಹನು 11ನೆಯ ಶತಮಾನದಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದಂದಿನಿಂದಲೂ ನರಿ, ಕಾಗೆ, ಆಮೆಗಳು ಕನ್ನಡದ ಮಕ್ಕಳಿಗೆ ಲೋಕವ್ಯವಹಾರವನ್ನು ಕಲಿಸುತ್ತ ಬಂದಿವೆ. ಮುಂಬಯಿಯ ಪ್ರಾಥಮಿಕ ಶಾಲೆಗಳಲ್ಲಿ ಕಳೆದ ಎರಡು ದಶಕಗಳಿಂದ ಈ ಹಳೆಯ ಪದ್ಧತಿಗೆ ಹೊಸದೊಂದು ವಸ್ತು ದೊರೆತಿದೆ. ಅದು ಕಸ, ಕಸದ ವಿಂಗಡಣೆ, ಕಸದ ಮರುಬಳಕೆ. ವಾರ್ಷಿಕೋತ್ಸವದ ವೇದಿಕೆಯಲ್ಲಿ, ಬೆಳಗಿನ ಪ್ರಾರ್ಥನೆಯ ಅಂಗಳದಲ್ಲಿ, ಹೊರಗಿನಿಂದ ಬಂದ ತಂಡಗಳ ಬೀದಿನಾಟಕದಲ್ಲಿ ಈ ವಸ್ತು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಇಷ್ಟಾದರೂ ಇಂಥ ನಾಟಕಗಳನ್ನು ನಾಟಕಗಳೆಂದು ಭಾವಿಸಿ, ಅವುಗಳ ಗುಣದೋಷಗಳನ್ನು ವಿವೇಚಿಸುವ ಕೆಲಸ ಹೆಚ್ಚಾಗಿ ನಡೆದಂತಿಲ್ಲ. ಉದ್ದೇಶ ಒಳ್ಳೆಯದಾದುದರಿಂದ ಕೃತಿಯೂ ಒಳ್ಳೆಯದೇ ಇರಬೇಕೆಂಬ ಸೌಜನ್ಯವೇ ಇದಕ್ಕೆ ಕಾರಣವೆಂದು ತೋರುತ್ತದೆ. ಸೌಜನ್ಯವು ವಿಮರ್ಶೆಗೆ ಬದಲಿಯಾಗಲಾರದು.

ಈ ವಸ್ತು ಶಾಲೆಯನ್ನು ಪ್ರವೇಶಿಸಿದುದಕ್ಕೆ ಸಾಕಷ್ಟು ಕಾರಣಗಳಿವೆ. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎಂ. ಸಿ. ಮೆಹತಾ ಅವರ ಮೊಕದ್ದಮೆಯಲ್ಲಿ ಶಿಕ್ಷಣದ ಎಲ್ಲ ಹಂತಗಳಲ್ಲಿಯೂ ಪರಿಸರದ ಪಾಠವಿರಬೇಕೆಂದು ನಿರ್ದೇಶಿಸಿತು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದು ನಗರ ಮುಳುಗಿದಾಗ, ನೀರು ಹರಿಯಬೇಕಾದ ಗಟಾರಗಳ ಬಾಯಿಯನ್ನು ಪ್ಲಾಸ್ಟಿಕ್ ಚೀಲಗಳು ಮುಚ್ಚಿದ್ದುದನ್ನು ಜನರು ಕಣ್ಣಾರೆ ಕಂಡರು. 1927ರಿಂದ ನಗರದ ಕಸವನ್ನು ಹೊರುತ್ತ ಬಂದಿದ್ದ ದೇವನಾರಿನ ಕಸದ ದಿಬ್ಬಕ್ಕೆ 2016ರ ಜನವರಿಯಲ್ಲಿ ಬೆಂಕಿ ತಗುಲಿ ದಿನಗಟ್ಟಲೆ ಹೊಗೆಯಾಡಿತು. ಅದೇ ವರ್ಷ ಘನತ್ಯಾಜ್ಯದ ಹೊಸ ನಿಯಮಗಳು ಬಂದು, ಹಸಿ ಕಸ, ಒಣ ಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು ವಿಧಿಸಿದವು. 2018ರಲ್ಲಿ ಮಹಾರಾಷ್ಟ್ರ ಸರಕಾರವು ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು. ಇಷ್ಟೆಲ್ಲ ನಡೆದ ಮೇಲೆ ಶಾಲೆಯ ರಂಗವು ಸುಮ್ಮನಿರುವುದು ಸಾಧ್ಯವಿರಲಿಲ್ಲ.

ಈ ನಾಟಕಗಳ ಸಾಮಾನ್ಯ ಸ್ವರೂಪವನ್ನು ಹೀಗೆ ಸಂಗ್ರಹಿಸಬಹುದು. ಊರಿನ ಮಕ್ಕಳು ತಿಂಡಿ ತಿಂದು ಪೊಟ್ಟಣಗಳನ್ನು ಎಲ್ಲೆಂದರಲ್ಲಿ ಎಸೆಯುತ್ತಾರೆ. ಎಸೆದ ಕಸವೆಲ್ಲ ಒಟ್ಟುಗೂಡಿ ಒಬ್ಬ ರಾಕ್ಷಸನಾಗಿ ಎದ್ದು ನಿಲ್ಲುತ್ತದೆ. ಅವನ ಹೆಸರು ಕಸಾಸುರ, ಇಲ್ಲವೆ ಪ್ಲಾಸ್ಟಿಕಾಸುರ. ಹರಕು ಬಟ್ಟೆ, ಮಸಿ ಬಳಿದ ಮುಖ, ಹೆಗಲಿನಲ್ಲೊಂದು ಗೋಣಿಚೀಲ. ಅವನು ಗಹಗಹಿಸಿ ನಗುತ್ತಾನೆ. ಊರಿಗೆ ರೋಗ ಹರಡುತ್ತದೆ. ಕೊನೆಗೆ ಗಿಡದ ಅಥವಾ ಭೂಮಾತೆಯ ವೇಷದ ಹುಡುಗಿಯೊಬ್ಬಳು ಬಂದು, ಕಸವನ್ನು ಬುಟ್ಟಿಗೆ ಹಾಕಿರೆಂದು ಉಪದೇಶಿಸುತ್ತಾಳೆ. ಮಕ್ಕಳು ಹಸಿರು ಬುಟ್ಟಿ, ನೀಲಿ ಬುಟ್ಟಿಗಳನ್ನು ತರುತ್ತಾರೆ. ರಾಕ್ಷಸನು ಬುಟ್ಟಿಯೊಳಗೆ ಬಿದ್ದು ಸಾಯುತ್ತಾನೆ. ಎಲ್ಲರೂ ಪ್ರತಿಜ್ಞೆ ಸ್ವೀಕರಿಸುತ್ತಾರೆ. ಇಪ್ಪತ್ತು ನಿಮಿಷಗಳಲ್ಲಿ ನಗರವು ಶುಚಿಯಾಗುತ್ತದೆ.

ಆಲಂಕಾರಿಕರು ಉಪದೇಶದಲ್ಲಿ ಮೂರು ಬಗೆಗಳನ್ನು ಹೇಳಿದ್ದಾರೆ. ವೇದವು ಪ್ರಭುವಿನಂತೆ ಆಜ್ಞಾಪಿಸುತ್ತದೆ. ಪುರಾಣವು ಗೆಳೆಯನಂತೆ ತಿಳಿಹೇಳುತ್ತದೆ. ಕಾವ್ಯವು ಕಾಂತೆಯಂತೆ ಮನವೊಲಿಸುತ್ತದೆ. ಮೇಲೆ ಹೇಳಿದ ನಾಟಕವು ಕಾವ್ಯದ ವೇಷವನ್ನು ತೊಟ್ಟ ಪ್ರಭುಸಮ್ಮಿತವೇ ಹೊರತು ಬೇರೆಯಲ್ಲ. ಅದು ಹೇಳುವುದನ್ನು ತರಗತಿಯ ಗೋಡೆಯ ಮೇಲಿನ ಒಂದು ಫಲಕವೂ ಹೇಳಬಲ್ಲುದು. ಪ್ರೇಕ್ಷಕರ ಮುಂದೆ ಜೀವಂತ ನಟನು ಬಂದು ನಿಂತುದಕ್ಕೆ ಅಲ್ಲಿ ಪ್ರತ್ಯೇಕವಾದ ಪ್ರಯೋಜನವಿಲ್ಲ. ಆದರೆ ಇದು ಕಿರಿಯ ದೋಷ. ಬೇಸರ ತರುವ ನಾಟಕಗಳು ಲೋಕದಲ್ಲಿ ಬೇಕಾದಷ್ಟಿವೆ. ಹಿರಿಯ ದೋಷವನ್ನು ಕಾಣಬೇಕಾದರೆ ಈ ನಾಟಕವು ಆಶ್ರಯಿಸಿದ ರಸ ಯಾವುದೆಂಬುದನ್ನು ನೋಡಬೇಕು.

ಕಸಾಸುರನ ನಾಟಕದ ಸ್ಥಾಯಿಭಾವ ಜುಗುಪ್ಸೆ, ರಸ ಬೀಭತ್ಸ. ಕಸವೆಂದರೆ ಮೂಗು ಮುಚ್ಚಿಕೊಳ್ಳುವುದನ್ನು ಅದು ಮಕ್ಕಳಿಗೆ ಅಭ್ಯಾಸ ಮಾಡಿಸುತ್ತದೆ. ಜುಗುಪ್ಸೆಗೆ ಒಂದು ಸ್ವಭಾವವಿದೆ: ಅದು ವಸ್ತುವಿನಲ್ಲಿಯೇ ನಿಲ್ಲದೆ, ವಸ್ತುವನ್ನು ಮುಟ್ಟಿದವರಿಗೂ ಅಂಟಿಕೊಳ್ಳುತ್ತದೆ. ಈ ದೇಶದಲ್ಲಿ ಅದು ಹೇಗೆ ಅಂಟಿಕೊಂಡಿತು, ಎಷ್ಟು ತಲೆಮಾರುಗಳವರೆಗೆ ಅಂಟಿಕೊಂಡಿತು ಎಂಬುದನ್ನು ವಿವರಿಸಬೇಕಾಗಿಲ್ಲ. ಹರಕು ಬಟ್ಟೆ, ಮಸಿಯ ಮುಖ, ಗೋಣಿಚೀಲ: ಇವು ಯಾರ ಗುರುತುಗಳು? ಮುಂಬಯಿಯ ಯಾವ ಮಗುವೂ ಈ ಪ್ರಶ್ನೆಗೆ ತಡವರಿಸದೆ ಉತ್ತರ ಹೇಳೀತು. ರಾಕ್ಷಸನ ವೇಷವು ತಿಳಿದೋ ತಿಳಿಯದೆಯೋ ಕಸ ಆಯುವವರ ವೇಷವಾಗಿಬಿಟ್ಟಿದೆ.

ಮುಂದೆ ಕುಳಿತ ಪ್ರೇಕ್ಷಕರಾದರೂ ಯಾರು? ಮುಂಬಯಿ ಮಹಾನಗರಪಾಲಿಕೆಯು ಮರಾಠಿ, ಹಿಂದಿ, ಉರ್ದು, ಗುಜರಾತಿ, ತಮಿಳು, ತೆಲುಗು, ಇಂಗ್ಲಿಷುಗಳೊಡನೆ ಕನ್ನಡದಲ್ಲಿಯೂ ಶಾಲೆಗಳನ್ನು ನಡೆಸುತ್ತ ಬಂದಿದೆ. ಕನ್ನಡ ಶಾಲೆಗಳ ಸಂಖ್ಯೆ ಕುಗ್ಗುತ್ತಿದ್ದರೂ, ಕಲಬುರ್ಗಿ, ವಿಜಯಪುರಗಳ ಕಡೆಯಿಂದ ಕೂಲಿಗೆಂದು ಬಂದವರ ಮಕ್ಕಳಿಗೆ ಅವು ಆಶ್ರಯವಾಗಿವೆ. ನಗರಪಾಲಿಕೆಯ ಯಾವುದೇ ಭಾಷೆಯ ಶಾಲೆಯ ತರಗತಿಯಲ್ಲಿ ಕಸ ಗುಡಿಸುವವರ, ಭಂಗಾರದ ಅಂಗಡಿಯಲ್ಲಿ ದುಡಿಯುವವರ, ದಿಬ್ಬದ ಮೇಲೆ ಆಯುವವರ ಮಗುವೊಂದು ಕುಳಿತಿರಬಹುದು. ಕಸಾಸುರನು ಬುಟ್ಟಿಗೆ ಬಿದ್ದು ಸತ್ತಾಗ ಉಳಿದ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆ ಒಂದು ಮಗುವು ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರವಿಲ್ಲದ ನಾಟಕವು ಪರಿಸರಕ್ಕೆ ಎಷ್ಟೇ ಉಪಕಾರ ಮಾಡಿದರೂ ಮಗುವಿಗೆ ಅಪಕಾರ ಮಾಡಿದಂತೆಯೇ.

ಕಸಾಸುರನ ಕಲ್ಪನೆಯೇ ತಪ್ಪೆಂದು ಇದರ ಅರ್ಥವಲ್ಲ. ಅಸುರನು ಕನ್ನಡ ರಂಗಭೂಮಿಯ ಮಹಾಪಾತ್ರ. ಕರಾವಳಿಯಿಂದ ಮುಂಬಯಿಗೆ ಬಂದ ಕನ್ನಡಿಗರು ತಮ್ಮೊಡನೆ ಯಕ್ಷಗಾನವನ್ನೂ ತಂದರು. ‘ದೇವಿಮಹಾತ್ಮೆ’ಯ ಪ್ರಸಂಗದಲ್ಲಿ ದೀವಟಿಗೆಗಳ ಬೆಳಕಿನಲ್ಲಿ ಪ್ರೇಕ್ಷಕರ ನಡುವಿನಿಂದಲೇ ನುಗ್ಗಿಬರುವ ಮಹಿಷಾಸುರನನ್ನು ಬಾಲ್ಯದಲ್ಲಿ ಕಂಡವರು ಮರೆಯಲಾರರು. ಆದರೆ ಆ ಅಸುರನಿಗೆ ಒಂದು ಪೂರ್ವಕಥೆಯಿದೆ. ಅವನು ತಪಸ್ಸು ಮಾಡಿದ್ದಾನೆ. ಅವನಿಗೆ ವರ ಕೊಟ್ಟ ದೇವರಿದ್ದಾನೆ. ಆ ವರದಲ್ಲಿ ಒಂದು ಸಂದು ಉಳಿದಿದೆ. ಅಸುರನ ಕಥೆಯ ತಿರುಳು ಇರುವುದು ವರದಲ್ಲಿ. ಅಸುರನ ಬಲವು ಅವನದಲ್ಲ, ಲೋಕದ ಹಿರಿಯರೇ ಕೊಟ್ಟದ್ದು ಎಂಬ ದೊಡ್ಡ ಮಾತನ್ನು ಪುರಾಣವು ಮಕ್ಕಳಿಗೂ ತಿಳಿಯುವಂತೆ ಹೇಳುತ್ತದೆ. ಶಾಲೆಯ ಕಸಾಸುರನಿಗೆ ವರ ಕೊಟ್ಟವರಾರು? ನಾಟಕವು ಇದನ್ನು ಕೇಳುವುದೇ ಇಲ್ಲ. ಪೊಟ್ಟಣವನ್ನು ಎಸೆದ ಎಂಟು ವರ್ಷದ ಹುಡುಗನೇ ಅದರಲ್ಲಿ ಏಕಮಾತ್ರ ಅಪರಾಧಿ.

ಕರಿದ ತಿಂಡಿಯ ಹೊಳೆಯುವ ಪೊಟ್ಟಣವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಂಥ ಪೊಟ್ಟಣಗಳಲ್ಲಿ ಪ್ಲಾಸ್ಟಿಕಿನ ಪದರಗಳ ನಡುವೆ ಅಲ್ಯೂಮಿನಿಯಮಿನ ಅತಿ ತೆಳುವಾದ ಲೇಪವಿರುತ್ತದೆ. ಆ ಪದರಗಳನ್ನು ಬಿಡಿಸುವುದು ದುಸ್ಸಾಧ್ಯವಾದುದರಿಂದ ಭಂಗಾರದವನು ಅದನ್ನು ಕೊಳ್ಳುವುದಿಲ್ಲ. ನೀರಿನ ಬಾಟಲಿಗೆ ಬೆಲೆಯಿದೆ, ಹಾಲಿನ ಚೀಲಕ್ಕೆ ಬೆಲೆಯಿದೆ, ರದ್ದಿಗೆ ಬೆಲೆಯಿದೆ, ಆ ಪೊಟ್ಟಣಕ್ಕಿಲ್ಲ. ಅದನ್ನು ನೀಲಿ ಬುಟ್ಟಿಗೆ ಹಾಕಿದ ಮಾತ್ರಕ್ಕೆ ಅದು ಮರುಬಳಕೆಯಾಗುವುದಿಲ್ಲ. 2016ರ ಪ್ಲಾಸ್ಟಿಕ್ ನಿಯಮಗಳು ತಯಾರಕರ ಮೇಲೆಯೂ ಹೊಣೆಯನ್ನು ಹೊರಿಸಿದವು. ನಾಟಕವು ಆ ಹೊಣೆಯ ಸುದ್ದಿಯನ್ನು ಎತ್ತುವುದಿಲ್ಲ. ಪೊಟ್ಟಣವು ತಯಾರಾದಾಗಲೇ ಅದಕ್ಕೆ ಅಮರತ್ವದ ವರ ದೊರೆತಿತ್ತೆಂಬುದನ್ನು ಮಗುವಿಗೆ ತಿಳಿಸದೆ, ಎಸೆದವನನ್ನು ಮಾತ್ರ ಬೈದರೆ ಅದು ಅರ್ಧ ಸತ್ಯ. ರಂಗದ ಮೇಲಿನ ಅರ್ಧ ಸತ್ಯವು ಪುಸ್ತಕದಲ್ಲಿರುವುದಕ್ಕಿಂತ ಹೆಚ್ಚು ಅಪಾಯಕರ. ಏಕೆಂದರೆ ಅದನ್ನು ಮಗುವು ಕಣ್ಣಾರೆ ಕಂಡಿರುತ್ತದೆ.

ಎರಡನೆಯ ಅರ್ಧವು ಬುಟ್ಟಿಯ ಆಚೆಗಿದೆ. ಈ ನಾಟಕಗಳಲ್ಲಿ ಬುಟ್ಟಿಯೇ ಕಥೆಯ ಕೊನೆ. ವಾಸ್ತವದಲ್ಲಿ ಮರುಬಳಕೆಯ ಕಥೆ ಅಲ್ಲಿಂದ ಪ್ರಾರಂಭವಾಗುತ್ತದೆ. ಆಯುವ ಹೆಂಗಸು, ಮನೆಮನೆಯಿಂದ ರದ್ದಿ ಕೊಳ್ಳುವವನು, ಭಂಗಾರದ ಅಂಗಡಿಯವನು, ಸಗಟು ವ್ಯಾಪಾರಿ: ಇವರನ್ನು ದಾಟಿ ಮಾಲು ಧಾರಾವಿಯ ‘ತೇರಾ ಕಂಪೌಂಡ್’ನಂಥ ಸ್ಥಳವನ್ನು ಸೇರುತ್ತದೆ. ಅಲ್ಲಿ ಪ್ಲಾಸ್ಟಿಕನ್ನು ಬಣ್ಣ ಮತ್ತು ಜಾತಿಗಳಿಗೆ ಅನುಸಾರವಾಗಿ ವಿಂಗಡಿಸಿ, ಯಂತ್ರದಲ್ಲಿ ಚೂರು ಮಾಡಿ, ತೊಳೆದು, ತಗಡಿನ ಮಾಡಿನ ಮೇಲೆ ಒಣಗಿಸಿ, ಕರಗಿಸಿ ಎಳೆಯಾಗಿ ತೆಗೆದು, ಎಳೆಯನ್ನು ಕತ್ತರಿಸಿ ‘ದಾಣಾ’ ಎಂಬ ಹರಳು ಮಾಡುತ್ತಾರೆ. ಆ ಹರಳಿನಿಂದ ಬಕೆಟು, ಕೊಳವೆ, ಆಟಿಕೆಗಳು ಮರುಹುಟ್ಟು ಪಡೆಯುತ್ತವೆ. ಪ್ಲಾಸ್ಟಿಕಿನ ಜಾತಿಯನ್ನು ಮುಟ್ಟಿ, ಬಡಿದು, ಸುಟ್ಟ ವಾಸನೆ ನೋಡಿ ಗುರುತಿಸಬಲ್ಲ ಕೈಗಳ ವಿದ್ಯೆ ಸಾಮಾನ್ಯವಾದುದಲ್ಲ. ಇಷ್ಟು ಪಾತ್ರಗಳು, ಇಷ್ಟು ರೂಪಾಂತರಗಳಿರುವ ಕಥೆಯನ್ನು ಬಿಟ್ಟು ನಾಟಕಕಾರನು ಬುಟ್ಟಿಯ ಬಳಿಯಲ್ಲಿಯೇ ಪರದೆ ಎಳೆಯುವುದು ಸೋಜಿಗದ ಸಂಗತಿ.

ಕನ್ನಡದ ಮಟ್ಟಿಗಂತೂ ಈ ಬಡತನಕ್ಕೆ ಯಾವ ಕಾರಣವೂ ಇಲ್ಲ. ಕುವೆಂಪು ಅವರ ‘ಜಲಗಾರ’ ನಾಟಕವು 1928ರದು. ಊರಿನ ಜನರು ಶಿವನ ಗುಡಿಗೆ ಹೊರಟಿರುವಾಗ, ಬೀದಿ ಗುಡಿಸುವವನೊಬ್ಬ ತನ್ನ ಪೊರಕೆಯೊಡನೆ ಹಿಂದೆ ಉಳಿಯುತ್ತಾನೆ. ಕೊನೆಗೆ ಶಿವನು ಅವನಿಗೇ ಕಾಣಿಸಿಕೊಳ್ಳುತ್ತಾನೆ, ಅದೂ ಜಗತ್ತಿನ ಜಲಗಾರನಾಗಿ. ಅಸ್ಪೃಶ್ಯತೆಯ ಪ್ರಶ್ನೆಯನ್ನು ದೇಶವು ಇನ್ನೂ ಚರ್ಚಿಸುತ್ತಿದ್ದ ಕಾಲದಲ್ಲಿ ಒಬ್ಬ ತರುಣ ಕವಿಯು ಕಸ ಗುಡಿಸುವವನನ್ನು ರಂಗದ ಮಧ್ಯಕ್ಕೆ ತಂದು ನಿಲ್ಲಿಸಿದನು. ಅದು ಪ್ರಾಥಮಿಕ ಶಾಲೆಗೆಂದು ಬರೆದ ಕೃತಿಯಲ್ಲ. ಅದರ ಭಾಷೆ ಎಳೆಯ ಮಕ್ಕಳಿಗೆ ಎಟುಕುವುದು ಕಷ್ಟ. ಆದರೆ ಅದು ತೋರಿದ ದಾರಿ ಸ್ಪಷ್ಟವಾಗಿದೆ. ಅಲ್ಲಿ ಕಸವು ಮುಖ್ಯವಲ್ಲ, ಗುಡಿಸುವವನು ಮುಖ್ಯ. ಅಂದು ರಂಗದ ನಡುವೆ ಇದ್ದವನು ಇಂದಿನ ಶಾಲಾನಾಟಕದಲ್ಲಿ ಕಾಣೆಯಾಗಿದ್ದಾನೆ. ಅವನ ಸ್ಥಳದಲ್ಲಿ ಎರಡು ಬಣ್ಣದ ಬುಟ್ಟಿಗಳು ನಿಂತಿವೆ.

ಮಕ್ಕಳಿಗೆಂದೇ ಇರುವ ಇನ್ನೊಂದು ಕೃತಿ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ರಾಬರ್ಟ್ ಬ್ರೌನಿಂಗನು 1842ರಲ್ಲಿ ಪ್ರಕಟಿಸಿದ ಕವಿತೆಯ ಕಥೆಯನ್ನು ಕುವೆಂಪು ತುಂಗೆಯ ದಡಕ್ಕೆ ತಂದರು. ಮೂಲತಃ ಕಥನಕವನವಾದ ಇದು ಕನ್ನಡ ಮಕ್ಕಳ ರಂಗದಲ್ಲಿ ನಾಟಕವಾಗಿ ಮತ್ತೆ ಮತ್ತೆ ಆಡಲ್ಪಟ್ಟಿದೆ. ಇದನ್ನು ಇಲಿಗಳ ಕಥೆಯೆಂದು ಮಕ್ಕಳು ನಗುತ್ತ ನೋಡುತ್ತಾರೆ. ಆದರೆ ಅದರ ತಿರುಳು ಬೇರೆ. ಊರಿನ ಪೀಡೆಯನ್ನು ತೊಲಗಿಸಿದವನಿಗೆ ಊರಿನವರು ಆಡಿದ ಮಾತಿನಂತೆ ಕೂಲಿ ಕೊಡಲಿಲ್ಲ. ಆ ಋಣಕ್ಕಾಗಿ ಊರು ತನ್ನ ಮಕ್ಕಳನ್ನೇ ತೆರಬೇಕಾಯಿತು. ಪೀಡೆ ಹೋಗುವವರೆಗೆ ಬೇಕಾದವನು, ಹೋದ ಮೇಲೆ ಬೇಡವಾದನು. ಮುಂಬಯಿಯ ಕಸದ ಕಥೆಯನ್ನು ಇದಕ್ಕಿಂತ ನೇರವಾಗಿ ಹೇಳುವ ನಾಟಕವು ಇನ್ನೂ ಬರಬೇಕಾಗಿದೆ.

ಎಳೆಯ ಮಕ್ಕಳಿಗೆ ಇಂಥ ಸಾಮಾಜಿಕ ಸೂಕ್ಷ್ಮಗಳು ತಿಳಿಯುವುದಿಲ್ಲವೆಂಬ ಆಕ್ಷೇಪಕ್ಕೆ ಕಿಂದರಿಜೋಗಿಯೇ ಉತ್ತರ. ಏಳು ವರ್ಷದ ಮಗುವಿಗೆ ರಾಸಾಯನಿಕ ತಿಳಿಯದಿರಬಹುದು. ಅನ್ಯಾಯ ಮಾತ್ರ ಚೆನ್ನಾಗಿ ತಿಳಿಯುತ್ತದೆ. ಗೌಡನು ಮಾತಿಗೆ ತಪ್ಪಿದಾಗ ಮಕ್ಕಳ ಗುಂಪಿನಿಂದ ಏಳುವ ಕೂಗು ಯಾವ ವಿಮರ್ಶಕನ ತೀರ್ಪಿಗೂ ಕಡಿಮೆಯಾದುದಲ್ಲ.

ನೆರೆಯ ಮರಾಠಿ ರಂಗಭೂಮಿಯ ಅನುಭವವೂ ಇಲ್ಲಿ ವಿಚಾರಾರ್ಹ. ಮುಂಬಯಿಯ ಸ್ತ್ರೀಮುಕ್ತಿ ಸಂಘಟನೆಯು 1975ರಲ್ಲಿ ಹುಟ್ಟಿ, ಜ್ಯೋತಿ ಮ್ಹಾಪ್ಸೇಕರ್ ಅವರ ‘ಮುಲಗೀ ಝಾಲೀ ಹೋ’ ಎಂಬ 1983ರ ನಾಟಕದಿಂದ ಊರೂರಿಗೆ ಪರಿಚಿತವಾಯಿತು. ಅದೇ ಸಂಘಟನೆಯು 1990ರ ದಶಕದ ಕೊನೆಯಲ್ಲಿ ‘ಪರಿಸರ ವಿಕಾಸ’ ಎಂಬ ಯೋಜನೆಯನ್ನು ಕೈಗೊಂಡು, ಕಸ ಆಯುವ ಹೆಂಗಸರನ್ನು ಒಗ್ಗೂಡಿಸುವ ಕೆಲಸಕ್ಕೆ ಇಳಿಯಿತು. ಹೆಣ್ಣುಮಗುವಿನ ಹುಟ್ಟನ್ನು ರಂಗದಲ್ಲಿ ಆಡಿದವರು ಕಸದ ಬಳಿಗೆ ಬಂದಾಗ ಮೊದಲು ಕಂಡದ್ದು ಕಸವನ್ನಲ್ಲ, ಅದನ್ನು ಆಯುವ ಹೆಂಗಸನ್ನು. ರತ್ನಾಕರ ಮತಕರಿಯವರು 1962ರಲ್ಲಿಯೇ ‘ಬಾಲನಾಟ್ಯ’ ತಂಡವನ್ನು ಕಟ್ಟಿದವರು; ತಮ್ಮ ಇಳಿವಯಸ್ಸಿನಲ್ಲಿ, 2014ರಿಂದ, ಅವರು ಠಾಣೆಯ ಕೊಳೆಗೇರಿಗಳ ಮಕ್ಕಳಿಂದ ಅವರದೇ ಬದುಕಿನ ನಾಟಕಗಳನ್ನು ಆಡಿಸಿದರು. ಧಾರಾವಿಯಲ್ಲಿ ಏಕಾರ್ನ್ ಸಂಸ್ಥೆಯ ಆಶ್ರಯದಲ್ಲಿ ಕಸ ಆಯುವ ಕುಟುಂಬಗಳ ಮಕ್ಕಳು ಪ್ಲಾಸ್ಟಿಕ್ ಪೀಪಾಯಿ, ಬಣ್ಣದ ಡಬ್ಬಿಗಳನ್ನೇ ವಾದ್ಯಗಳನ್ನಾಗಿ ಮಾಡಿಕೊಂಡು ‘ಧಾರಾವಿ ರಾಕ್ಸ್’ ಎಂಬ ವಾದ್ಯಗೋಷ್ಠಿಯನ್ನು ನಡೆಸಿದರು. ಈ ಮೂರು ಪ್ರಯತ್ನಗಳಲ್ಲಿಯೂ ಸಾಮಾನ್ಯವಾದ ಅಂಶ ಒಂದಿದೆ: ಯಾರ ಕುರಿತು ನಾಟಕವೋ ಅವರು ರಂಗದ ಹೊರಗೆ ಉಳಿಯಲಿಲ್ಲ.

ಧಾರಾವಿಯ ಡಬ್ಬಿಗಳು ಇನ್ನೊಂದು ಮಾತನ್ನೂ ಸೂಚಿಸುತ್ತವೆ. ಮರುಬಳಕೆಯ ನಾಟಕಕ್ಕೆ ಸಹಜವಾದ ರಸ ಬೀಭತ್ಸವಲ್ಲ, ಅದ್ಭುತ. ಬಿಸಾಡಿದ ಡಬ್ಬಿಯು ಮದ್ದಲೆಯಾದಾಗ, ಹರಿದ ಕೊಡೆಯು ಬಾವಲಿಯಾದಾಗ, ಖಾಲಿ ಬಾಟಲಿಗಳ ಸಾಲು ಮೀನಿನ ಹಿಂಡಾಗಿ ಈಜಿದಾಗ ಮಗುವಿನ ಕಣ್ಣಿನಲ್ಲಿ ಕಾಣುವುದು ವಿಸ್ಮಯ. ಭರತನು ಹೇಳಿದ ನಾಟ್ಯಧರ್ಮಿಯ ಗುಟ್ಟೂ ಇದೇ: ರಂಗದ ಮೇಲೆ ಯಾವ ವಸ್ತುವೂ ತಾನು ಇದ್ದಂತೆಯೇ ಉಳಿಯಬೇಕಾಗಿಲ್ಲ. ಬಿ. ವಿ. ಕಾರಂತರು ಕಲ್ಲು, ಕೋಲು, ತಗಡುಗಳಿಂದ ರಂಗಸಂಗೀತವನ್ನು ಹೊರಡಿಸಿದುದು ಕನ್ನಡಿಗರಿಗೆ ತಿಳಿದ ಸಂಗತಿ. ಅವರ ಕೈಯಲ್ಲಿ ನಿರುಪಯೋಗಿಯೆಂಬ ವಸ್ತುವೇ ಇರಲಿಲ್ಲ. ಪ್ರೇಮಾ ಕಾರಂತರು ಬೆಂಗಳೂರಿನ ಬೆನಕ ಮಕ್ಕಳ ಕೇಂದ್ರದಲ್ಲಿಯೂ, 1989ರಲ್ಲಿ ಸ್ಥಾಪಿತವಾದ ಮೈಸೂರಿನ ರಂಗಾಯಣವು ತನ್ನ ಚಿಣ್ಣರ ಮೇಳದಲ್ಲಿಯೂ ಮಕ್ಕಳ ಈ ವಿಸ್ಮಯಶಕ್ತಿಯನ್ನು ನಂಬಿ ಕೆಲಸ ಮಾಡಿದರು. ಹೀಗಿರಲು, ಕಸದ ನಾಟಕಕ್ಕೆಂದು ಪೇಟೆಯಿಂದ ಹೊಸ ಥರ್ಮಾಕೋಲು, ಮಿಂಚುಕಾಗದಗಳನ್ನು ಕೊಂಡು ತಂದು, ಆಟ ಮುಗಿದ ಮೇಲೆ ಅವನ್ನೇ ಕಸಕ್ಕೆ ಹಾಕುವ ಶಾಲೆಯು ತನ್ನ ಪಾಠವನ್ನು ತಾನೇ ಅಳಿಸಿದಂತಾಗುತ್ತದೆ. ಮಕ್ಕಳು ಸಂಭಾಷಣೆಗಿಂತ ಮೊದಲು ಗಮನಿಸುವುದು ಇದನ್ನು.

ಉಪಯುಕ್ತತೆಯನ್ನು ಕಡೆಗಣಿಸಬೇಕೆಂದು ಇಲ್ಲಿ ವಾದಿಸುತ್ತಿಲ್ಲ. ಹಸಿ ಕಸ ಯಾವುದು, ಒಣ ಕಸ ಯಾವುದು ಎಂಬುದನ್ನು ಮಗುವು ಕಲಿಯಲೇಬೇಕು. ಬಾಲಭಾರತಿಯ ‘ಪರಿಸರ ಅಭ್ಯಾಸ’ದ ಪುಸ್ತಕವಿದೆ, ಗುರುಗಳಿದ್ದಾರೆ. ಅವರಿಂದಾಗದ ಯಾವ ಕೆಲಸ ಜೀವಂತ ರಂಗದಿಂದ ಆಗುತ್ತದೆ? ಇಂಗ್ಲೆಂಡಿನ ಕವೆಂಟ್ರಿಯ ಬೆಲ್‌ಗ್ರೇಡ್ ರಂಗಮಂದಿರವು 1965ರಲ್ಲಿ ಶಾಲೆಗಳಿಗೆ ನಾಟಕವನ್ನು ಕೊಂಡೊಯ್ದಾಗ ಕಂಡುಕೊಂಡ ದಾರಿ ಇಲ್ಲಿ ನೆರವಾಗುತ್ತದೆ. ಅಲ್ಲಿ ಮಗುವು ನೋಡುವವನಷ್ಟೇ ಅಲ್ಲ, ಕಥೆಯೊಳಗೆ ನಿಂತು ನಿರ್ಧರಿಸುವವನು. ದೆಹಲಿಯ ರಾಷ್ಟ್ರೀಯ ನಾಟ್ಯಶಾಲೆಯೂ 1989ರಲ್ಲಿ ಶಿಕ್ಷಣರಂಗದ ತಂಡವನ್ನು ಪ್ರಾರಂಭಿಸಿತು. ಈ ಮಾದರಿಯಲ್ಲಿ ಕಸದ ನಾಟಕವನ್ನು ಕಲ್ಪಿಸುವುದು ಕಷ್ಟವಲ್ಲ. ರಂಗದ ನಡುವೆ ಒಂದು ಭಂಗಾರದ ಅಂಗಡಿ, ಒಂದು ತಕ್ಕಡಿ. ಮಕ್ಕಳು ಒಬ್ಬೊಬ್ಬರಾಗಿ ಬಂದು ತಮ್ಮ ಮನೆಯಿಂದ ತಂದ ವಸ್ತುವನ್ನು ಇಡುತ್ತಾರೆ. ಅಂಗಡಿಯಾಕೆ ಅದನ್ನು ಬಡಿದು, ಮುಟ್ಟಿ, ಬೆಲೆ ಹೇಳುತ್ತಾಳೆ. ಸಾರು ಮೆತ್ತಿದ ಕಾಗದಕ್ಕೆ ಬೆಲೆಯಿಲ್ಲ, ಒಣಗಿದ ಕಾಗದಕ್ಕಿದೆ. ವಿಂಗಡಣೆ ಏಕೆಂಬ ಪಾಠವು ಅಲ್ಲಿಗೆ ಮುಗಿಯಿತು, ಉಪದೇಶದ ಮಾತೊಂದಿಲ್ಲದೆ. ಹೊಳೆಯುವ ಪೊಟ್ಟಣವನ್ನು ಇಟ್ಟಾಗ ಆಕೆ ತಲೆಯಾಡಿಸುತ್ತಾಳೆ. ಹಾಗಾದರೆ ಇದನ್ನು ಯಾರಿಗೆ ಹಿಂದಿರುಗಿಸಬೇಕೆಂದು ಮಕ್ಕಳೇ ಕೇಳುತ್ತಾರೆ. ವರವಿತ್ತವರಾರು ಎಂಬ ಪ್ರಶ್ನೆಯು ಹೀಗೆ ತಾನಾಗಿಯೇ ಹುಟ್ಟುತ್ತದೆ. ಮುಖ್ಯವಾಗಿ, ಆ ರಂಗದಲ್ಲಿ ಎಲ್ಲರಿಗಿಂತ ಹೆಚ್ಚು ತಿಳಿದವಳು ಆ ಅಂಗಡಿಯಾಕೆ. ತರಗತಿಯ ಮೂಲೆಯಲ್ಲಿ ಕುಳಿತ ಒಂದು ಮಗುವಿಗೆ ಉತ್ತರಗಳೆಲ್ಲ ಮೊದಲೇ ಗೊತ್ತಿರುತ್ತವೆ. ಅಂದು ಎಲ್ಲರಿಗಿಂತ ಮುಂಚೆ ಕೈಯೆತ್ತುವುದು ಆ ಮಗುವೇ.

ಮಾಟುಂಗದ ಮೈಸೂರು ಅಸೋಸಿಯೇಶನ್, ಮಾಹಿಮಿನ ಕರ್ನಾಟಕ ಸಂಘ ಮೊದಲಾದ ಸಂಸ್ಥೆಗಳು ಈ ನಗರದಲ್ಲಿ ಕನ್ನಡ ನಾಟಕವನ್ನು ದಶಕಗಳ ಕಾಲ ಪೋಷಿಸಿವೆ. ಆ ರಂಗದಲ್ಲಿ ಮಕ್ಕಳಿಗೆ ದೊರೆತ ಸ್ಥಳ ಚಿಕ್ಕದು. ನಗರಪಾಲಿಕೆಯ ಕನ್ನಡ ಶಾಲೆಯ ಮಕ್ಕಳಿಗೆ ದೊರೆತದ್ದು ಇನ್ನೂ ಚಿಕ್ಕದು. ಧಾರಾವಿಯ ಪುನರ್ನಿರ್ಮಾಣದ ಮಾತು ಕಾರ್ಯರೂಪಕ್ಕೆ ಬರುತ್ತಿರುವ ಈ ದಿನಗಳಲ್ಲಿ, ವಿಂಗಡಿಸುವ ಕೈಗಳಿಗೆ ಊರಿನಲ್ಲಿ ಸ್ಥಳವುಂಟೇ ಎಂಬ ಪ್ರಶ್ನೆಯೂ ಎದುರಿಗಿದೆ. ರಂಗಭೂಮಿಯಿಂದ ಆ ಪ್ರಶ್ನೆ ಪರಿಹಾರವಾಗಲಾರದು. ಆದರೆ ಅವರಿಗೆ ರಂಗದ ಮೇಲಾದರೂ ಸ್ಥಳ ಕೊಡುವುದು ನಾಟಕಕಾರನ ಕೈಯಲ್ಲಿದೆ. ಬೊಮ್ಮನಹಳ್ಳಿಯ ಗೌಡನು ಬಾಕಿ ಉಳಿಸಿಕೊಂಡ ಕೂಲಿಯ ಲೆಕ್ಕವನ್ನು ಮಕ್ಕಳು ಎಂದಾದರೊಮ್ಮೆ ಕೇಳಿಯೇ ಕೇಳುತ್ತಾರೆ. ಕೇಳುವುದನ್ನು ಕಲಿಸುವ ನಾಟಕವೇ ಮರುಬಳಕೆಯ ನಿಜವಾದ ನಾಟಕ.